ತಾಹೆರಾ ಆಪಾ ಓದಿ ಹೇಳಿದ ಆರು ಅಂಕಿ

ಆರ್.ಟಿ. ನಗರದ ನಮ್ಮ ಬೀದಿಯಲ್ಲಿ ತಾಹೆರಾ ಆಪಾ ಕೈಯಲ್ಲಿ ರವಿಕೆ ಹೊಲಿಸದ ಹೆಂಗಸಿಲ್ಲ. ಗಂಡ ಸತ್ತ ಮೇಲೆ ಆ ಹೊಲಿಗೆ ಯಂತ್ರವನ್ನೇ ನಂಬಿ ಮಗಳು ಸುಮೈರಾಳನ್ನು ಓದಿಸಿದರು, ಮದುವೆ ಮಾಡಿದರು. ಅವರಿಗೆ ಅಕ್ಷರ ಬಾರದು. ಅಂಕಿ ಮಾತ್ರ ಅಳತೆ ಟೇಪು ಹಿಡಿದು ಕಲಿತದ್ದು, ಎಂದೂ ತಪ್ಪುವುದಿಲ್ಲ.

ಅಳಿಯ ಜೀಷಾನ್ ಅತ್ತೆಯ ಹೆಸರಿನಲ್ಲಿ ಷೇರು ಖಾತೆ ತೆರೆಯುತ್ತೇನೆಂದಾಗ ಆಪಾ ಆಧಾರ್ ಕಾರ್ಡನ್ನು ಎರಡೂ ಕೈಯಲ್ಲಿ ಕೊಟ್ಟರು. ಅಳಿಯ ಬಾಯಿಬಿಟ್ಟು ಕೇಳಿದ್ದಕ್ಕೆ ಇಲ್ಲವೆನ್ನುವ ಪದ್ಧತಿ ಅವರ ಮನೆಯಲ್ಲಿಲ್ಲ. ಆಮೇಲೆ ದಿನಾ ಬೆಳಿಗ್ಗೆ ಅವನ ಫೋನು. ಮೊಬೈಲಿಗೆ ಬಂದ ಒಟಿಪಿಯ ಆರು ಅಂಕಿಯನ್ನು ಆಪಾ ತಮ್ಮ ಹೊಲಿಗೆ ಅಂಗಡಿಯ ಬಾಗಿಲಲ್ಲಿ ನಿಂತು ಜೋರಾಗಿ ಓದಿ ಹೇಳುತ್ತಿದ್ದರು. ತಾನಿಲ್ಲದೆ ಅಳಿಯನ ಕೆಲಸ ನಡೆಯುವುದಿಲ್ಲವೆಂಬ ಜಂಬ ಬೇರೆ. ಎದುರುಮನೆಯಲ್ಲಿದ್ದ ನಾನು ಕೇಳಿ ನಗುತ್ತಿದ್ದೆ. ಈಗ ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಎರಡು ವರ್ಷದ ಮೇಲೆ ಷೇರುಪೇಟೆಯ ಮೇಲೆ ಕಣ್ಣಿಡುವ ಸೆಬಿಯ ನೋಟಿಸ್ ಬಂತು. ಯಾರೂ ಹೆಸರೇ ಕೇಳದ ಕಂಪನಿಯ ಷೇರನ್ನು ತಮ್ಮತಮ್ಮಲ್ಲೇ ಕೊಂಡು ಮಾರಿ, ಬೆಲೆ ಏರಿಸಿ, ಜನರ ತಲೆಗೆ ಕಟ್ಟಿದ ಗುಂಪಿನಲ್ಲಿ ಆಪಾ ಹೆಸರಿತ್ತು. ಬ್ಯಾಂಕ್ ಖಾತೆಗೂ ಬೀಗ ಬಿತ್ತು. ನೂಲಿನುಂಡೆ ತರಲೂ ಕೈ ಚಾಚಬೇಕಾಯಿತು. ಜೀಷಾನ್ ಬಂದು ಅವರ ಕಾಲ ಬಳಿ ಕೂತು ಅತ್ತ. ತನ್ನ ಹೆಸರು ಹೇಳಿದರೆ ಜೈಲು, ಏಳು ತಿಂಗಳ ಬಸುರಿ ಸುಮೈರಾ ಬೀದಿಗೆ ಬರುತ್ತಾಳೆ ಎಂದ. ಹೇಳದಿದ್ದರೆ ಆಪಾ ಬೀದಿಗೆ ಬರುತ್ತಾರೆಂಬುದು ಆ ಮಹಾನುಭಾವನಿಗೆ ಹೊಳೆಯಲೇ ಇಲ್ಲ.

ವಿಚಾರಣೆ ವಿಡಿಯೋದಲ್ಲಿ, ನಮ್ಮ ಮನೆಯ ಲ್ಯಾಪ್‌ಟಾಪಿನ ಮುಂದೆ. ಆಪಾ ಪಕ್ಕದಲ್ಲಿ ಸುಮೈರಾ ಕೂತಿದ್ದಳು. ನಿಜ ಹೇಳಿಬಿಡಿ ಎಂದು ನಾನು ಮೊದಲೇ ಗೋಗರೆದಿದ್ದೆ. ಅಧಿಕಾರಿ ಮೆತ್ತಗೇ ಕೇಳಿದರು.

“ಈ ಖಾತೆ ಬೇರೆ ಯಾರಾದ್ರೂ ನಡೆಸ್ತಿದ್ರೇನಮ್ಮ? ಹೆಸರು ಹೇಳಿದ್ರೆ ನಿಮಗೇ ಒಳ್ಳೇದು.”

ಆಪಾ ಮಗಳ ಹೊಟ್ಟೆಯ ಕಡೆ ನೋಡಿದರು.

“ಇಲ್ಲ ಸಾರ್. ಎಲ್ಲಾ ನಾನೇ ಮಾಡಿದ್ದು.”

ಅಧಿಕಾರಿ ಇನ್ನೊಮ್ಮೆ ಕೇಳಿದರು. ಅದೇ ಉತ್ತರ. ಹೇಳಿಕೆ ದಾಖಲಾಯಿತು ಎಂದರು, ಪರದೆ ಆರಿತು. ನನಗೆ ಅಳು ಬಂತು. ಆಪಾ ಮಾತ್ರ ಮಗಳ ಕೈ ಹಿಡಿದು, ಇನ್ನು ಹೆದರಬೇಡ, ನಿನ್ನ ಮನೆ ಉಳಿಯಿತು ಎಂದರು.

ಸುಮೈರಾ ಕೈಚೀಲದಿಂದ ಮಡಿಸಿದ ಕಾಗದವೊಂದನ್ನು ತೆಗೆದು ಮೇಜಿನ ಮೇಲಿಟ್ಟಳು.

“ಅವರ ಹೆಸರು ನೀವಾದ್ರೂ ಹೇಳ್ತೀರ ಅಂದ್ಕೊಂಡಿದ್ದೆ ಅಮ್ಮಿ. ನನ್ನ ಹೆಸರಲ್ಲೂ ಒಂದು ಖಾತೆ ಇದೆ. ನೋಟಿಸ್ ನಿನ್ನೆ ಬಂತು.”