ಅತ್ತೆ ಇಟ್ಟ ಕುಂಕುಮ

ಹ್ಯಾಂಡಲ್ ತಿರುಗಿಸುತ್ತಿದ್ದಂತೆಯೇ ಬಾವಿಯ ನೀರೆತ್ತುವ ಎಂಜಿನ್ ಹಿಂದಕ್ಕೆ ಒದೆಯಿತು. ಮೆಕ್ಯಾನಿಕ್ ಮುನಿಯಪ್ಪನವರು ಬಲಗೈ ಮಣಿಕಟ್ಟು ಹಿಡಿದುಕೊಂಡು ಬಾವಿಕಟ್ಟೆಯ ಮೇಲೆ ಕುಸಿದರು. ಎಪ್ಪತ್ತರ ದಶಕದ ಕೊನೆಯಲ್ಲಿ, ಯಲ್ದೂರಿನ ನಮ್ಮ ತೋಟದಲ್ಲಿ ನಡೆದದ್ದು ಇದು. ಊಟ ತಂದಿದ್ದ ನಾನೂ ಅತ್ತೆಯೂ ಅಲ್ಲೇ ಇದ್ದೆವು.

ನೋವು ನುಂಗಿಕೊಂಡೇ ಅವರು ನನ್ನ ಯಜಮಾನರ ಕೈಲಿ ಎಂಜಿನ್ನಿನ ಮುಚ್ಚಳ ಬಿಚ್ಚಿಸಿದರು. ಒಳಗೆ ಒಂದನ್ನೊಂದು ತಿರುಗಿಸುವ ಎರಡು ಹಲ್ಲಿನ ಚಕ್ರಗಳಿದ್ದವು. ಒಂದು ಹಲ್ಲು ಆಚೀಚೆ ಕೂತರೂ ಎಂಜಿನ್ ಹಿಂದಕ್ಕೆ ಒದೆಯುತ್ತದೆ; ಯಾವ ಹಲ್ಲಿಗೆ ಯಾವುದು ಕೂರಬೇಕೆಂಬ ಹಳೆಯ ಗುರುತು ಸವೆದುಹೋಗಿತ್ತು. ಹಾಗಾಗಿ ಹಿಂದಿನ ದಿನ ಬಿಚ್ಚುವಾಗ ಅವರು ನಮ್ಮಿಂದಲೇ ಕುಂಕುಮ ಕೇಳಿ, ಎಣ್ಣೆಯಲ್ಲಿ ಕಲಸಿ, ಎರಡಕ್ಕೂ ಚುಕ್ಕೆ ಇಟ್ಟು ನಮ್ಮ ಜಗಲಿಯಲ್ಲಿ ಬಿಟ್ಟುಹೋಗಿದ್ದರು. ಈಗ ನೋಡಿದರೆ ಚುಕ್ಕೆಗೆ ಚುಕ್ಕೆ ಸರಿಯಾಗಿಯೇ ಕೂತಿತ್ತು.

ಅತ್ತೆಯ ಮುಖ ಬಿಳಿಚಿಕೊಂಡಿತು. "ಬೆಳಗ್ಗೆ ಚಕ್ರದ ಮಸಿಯೆಲ್ಲ ಒರೆಸಿ, ಶುಕ್ರವಾರ ಅಂತ ನಾನೇ ಹೊಸದಾಗಿ ಕುಂಕುಮ ಇಟ್ಟೆ ಕಣಪ್ಪ, ಯಾವ ಹಲ್ಲಿಗೆ ಅಂತ ನೋಡ್ಲಿಲ್ಲ. ನೀನು ಇಟ್ಟಿದ್ದೂ ಪೂಜೆಗೇ ಅಂದ್ಕೊಂಡಿದ್ದೆ."

ಮುನಿಯಪ್ಪನವರು ಊದುತ್ತಿದ್ದ ಕೈಯನ್ನು ನೋಡಿಕೊಂಡರು. "ಪೋನೀ ಅಕ್ಕಾ" ಎಂದು ತೆಲುಗಿನಲ್ಲೇ, ಹೋಗಲಿ ಬಿಡಿ ಅಂತ ಸಮಾಧಾನ ಹೇಳಿದರು. "ಯಾಕೆ ಇಟ್ಟೆ ಅಂತ ನಾನೂ ನಿಮಗೆ ಹೇಳ್ಲಿಲ್ವಲ್ಲ."

ಆ ಮಣಿಕಟ್ಟು ಮತ್ತೆ ನೆಟ್ಟಗಾಗಲಿಲ್ಲ. ಅವರು ಸ್ಪ್ಯಾನರ್ ಹಿಡಿಯುವುದನ್ನೇ ಬಿಟ್ಟರು. ಅಲ್ಲಿಂದಾಚೆ ಪ್ರತಿ ಆಯುಧಪೂಜೆಗೂ ನೇಗಿಲು, ಕುಡುಗೋಲಿಗೆಲ್ಲ ಅತ್ತೆಯೇ ಕುಂಕುಮ ಇಡುತ್ತಿದ್ದರು. ಎಂಜಿನ್ ಹತ್ತಿರ ಬಂದಾಗ ಮಾತ್ರ ಬಟ್ಟಲನ್ನು ನನ್ನ ಕೈಗೆ ಕೊಟ್ಟು ಹಿಂದೆ ಸರಿದು ನಿಲ್ಲುತ್ತಿದ್ದರು.