ಸುಧಾಮಣಿಯ ಬಿಡಿ ಎಣ್ಣೆ

ಗುಂಡ್ಲುಪೇಟೆಯ ಸಂತೆ ಮೈದಾನದ ಹಿಂದಿನ ಓಣಿಯಲ್ಲಿ ಸುಧಾಮಣಿಯ ಕರೆಂಟ್ ಗಾಣವಿತ್ತು. ಗಂಡ ಮೃತ್ಯುಂಜಯ ಹಾಕಿಸಿದ್ದು. ಅವನು ತೀರಿಕೊಂಡಾಗ ನೆಂಟರೆಲ್ಲ ಮಾರಿಬಿಡು ಅಂದಿದ್ದರು. ಅವಳು ಮಾರಲಿಲ್ಲ. ಕಡಲೆಕಾಯಿ ಎಣ್ಣೆ, ಹುಚ್ಚೆಳ್ಳೆಣ್ಣೆ, ಇವೆರಡನ್ನೇ ತೆಗೆದು ಮಾರುತ್ತಿದ್ದಳು. ಗಾಣಕ್ಕೆ ಕಾಳು ಸುರಿಯುವುದು, ಹಿಂಡಿ ತೆಗೆಯುವುದು ಪುಟ್ಟಮಾದುವಿನ ಕೆಲಸ. ಮೃತ್ಯುಂಜಯನ ಕಾಲದಿಂದಲೂ ಇದ್ದವನು, ವಯಸ್ಸು ಐವತ್ತು ದಾಟಿತ್ತು. ಹಂಗಳ, ಬೇಗೂರಿನ ಕಡೆಯಿಂದ ಬಂದವರು ತಮ್ಮ ತಮ್ಮ ಬಾಟಲಿ ತಂದು, ಪಾವಿನ ಲೆಕ್ಕದಲ್ಲಿ ಎಣ್ಣೆ ಹುಯ್ಯಿಸಿಕೊಂಡು, ಬಾಯಿಗೆ ಬಟ್ಟೆಯ ಸುರುಳಿ ತುರುಕಿಕೊಂಡು ಹೋಗುತ್ತಿದ್ದರು.

ತೊಂಬತ್ತೆಂಟರ ಗೌರಿ ಹಬ್ಬದ ಹೊತ್ತಿಗೆ ರೇಡಿಯೋದಲ್ಲಿ ಸುದ್ದಿ ಬಂತು. ದೆಹಲಿಯ ಕಡೆ ಸಾಸಿವೆ ಎಣ್ಣೆ ತಿಂದವರ ಕಾಲು ಊದಿಕೊಂಡು, ಎಷ್ಟೋ ಜನ ಸತ್ತಿದ್ದರು. ಪಾಳು ಹೊಲದಲ್ಲಿ ಬೆಳೆಯುವ, ಹಳದಿ ಹೂ ಬಿಡುವ ಮುಳ್ಳುದತ್ತೂರಿಯ ಬೀಜ ಆ ಎಣ್ಣೆಗೆ ಸೇರಿತ್ತಂತೆ. ಸುಧಾಮಣಿ ಸಾಸಿವೆ ಅರೆಯುತ್ತಿರಲಿಲ್ಲ. ಆದರೂ ಅವತ್ತು ಮಧ್ಯಾಹ್ನ ಊಟ ಬಿಟ್ಟು ಹುಚ್ಚೆಳ್ಳಿನ ಮೂಟೆಗಳನ್ನೆಲ್ಲ ಬಿಚ್ಚಿಸಿ, ಮೊರದಲ್ಲಿ ಹರವಿಕೊಂಡು ಒಂದೊಂದೇ ಹಿಡಿ ನೋಡುತ್ತ ಕೂತಳು. ದತ್ತೂರಿ ಬೀಜದ ಹಾಗೆ ದುಂಡಗಿದ್ದ ಕಾಳು ಕಂಡರೆ ಹೆಕ್ಕಿ ತೆಗೆಯುತ್ತಿದ್ದಳು. ಬೆರಳಲ್ಲಿ ಒತ್ತಿದರೆ ಮಣ್ಣಿನ ಉಂಡೆಯಾಗಿರುತ್ತಿತ್ತು.

ಆಮೇಲೆ ಕಾನೂನಿನ ಸುದ್ದಿ ಬಂತು. ಡಿಸೆಂಬರ್ ಮಧ್ಯದಿಂದ ತಿನ್ನುವ ಎಣ್ಣೆಯನ್ನು ಬಿಡಿಯಾಗಿ ಮಾರುವಂತಿಲ್ಲ. ಮೊಹರು ಮಾಡಿದ ಪೊಟ್ಟಣವೋ ಡಬ್ಬವೋ ಆಗಬೇಕು. ಅದರ ಮೇಲೆ ತಯಾರಿಸಿದವರ ಹೆಸರು, ತಾರೀಕು ಇರಬೇಕು. ಪ್ಯಾಕ್ ಮಾಡುವವರು ನೋಂದಣಿ ಮಾಡಿಸಿ, ಎಣ್ಣೆ ಪರೀಕ್ಷೆಗೂ ಏರ್ಪಾಡು ಮಾಡಿಕೊಂಡಿರಬೇಕು. ತಪ್ಪಿದರೆ ಜೈಲು. ಎದುರಿನ ಹಗ್ಗದಂಗಡಿಯ ಗುರುಪಾದಸ್ವಾಮಿ ಪೇಪರ್ ಹಿಡಿದು ಬಂದು ಇಷ್ಟನ್ನೂ ಓದಿ ಹೇಳಿದ.

"ಇದು ದೊಡ್ಡ ಕಂಪನಿಯೋರಿಗೆ ಕಣಮ್ಮ. ನಮ್ಮಂಥೋರ ತಂಟೆಗೆ ಯಾರ್ ಬತ್ತಾರೆ?" ಅಂದ.

ಅಕ್ಟೋಬರ್ ಮೊದಲ ವಾರದಲ್ಲೇ ಬಂದರು. ಚಾಮರಾಜನಗರ ಜಿಲ್ಲೆಯಾಗಿ ಒಂದು ವರ್ಷ ಕಳೆದಿತ್ತಷ್ಟೆ. ಹೊಸ ಕಚೇರಿಯ ಆಹಾರ ಇನ್‌ಸ್ಪೆಕ್ಟರು ಜೀಪಿನಿಂದ ಇಳಿದು, ಹುಚ್ಚೆಳ್ಳೆಣ್ಣೆಯನ್ನು ಮೂರು ಬಾಟಲಿಗೆ ತುಂಬಿ, ದಾರ ಸುತ್ತಿ, ಅರಗು ಕರಗಿಸಿ ಮುದ್ರೆ ಒತ್ತಿದರು.

"ಗಾಬರಿಯಾಗಬೇಡಿ. ಎಲ್ಲ ಗಾಣದಲ್ಲೂ ಸ್ಯಾಂಪಲ್ ತೆಗೀತಿದ್ದೀವಿ. ರಿಪೋರ್ಟಿಗೆ ನಲವತ್ತು ದಿನ ಆಗ್ಬಹುದು. ಸಾಕ್ಷಿಗೆ ಒಬ್ಬರು ಸಹಿ ಹಾಕಬೇಕು, ಯಾರನ್ನಾದ್ರೂ ಕರೀರಿ."

ಸುಧಾಮಣಿ ಎದುರಂಗಡಿಯ ಕಡೆ ನೋಡಿದಳು. ಗುರುಪಾದಸ್ವಾಮಿ ಹಗ್ಗದ ಸುರುಳಿಗಳ ಹಿಂದೆ ಬಗ್ಗಿ ಏನೋ ಹುಡುಕತೊಡಗಿದ್ದ. ಹೋಗಿ ಕರೆದಳು. "ನಂಗೆ ಕೋರ್ಟು ಕಚೇರಿ ಬ್ಯಾಡ ಕಣಮ್ಮ" ಎಂದು ಅವನು ತಲೆಯೆತ್ತದೆ ಹೇಳಿದ. ಪಕ್ಕದವರೂ ಅಂಗಡಿಯಿಂದಾಚೆ ಬರಲಿಲ್ಲ. ಕೊನೆಗೆ ಪುಟ್ಟಮಾದು ಕೈ ಒರೆಸಿಕೊಂಡು ಮುಂದೆ ಬಂದು, "ನಾನ್ ಆಕ್ಲಾ ಸ್ವಾಮಿ?" ಎಂದು ಕೇಳಿ, ಅಕ್ಷರ ಕೂಡಿಸಿ ಕೂಡಿಸಿ ತನ್ನ ಹೆಸರು ಬರೆದ.

ಅವತ್ತಿನಿಂದ ಸುಧಾಮಣಿ ಬೆಳಗ್ಗೆ ಎದ್ದ ತಕ್ಷಣ ತನ್ನ ಮೊಣಕಾಲ ಕೆಳಗೆ ಹೆಬ್ಬೆರಳಿಂದ ಒತ್ತಿ ನೋಡತೊಡಗಿದಳು. ಗುಳಿ ಬೀಳುತ್ತದೆಯೋ ಎಂದು. ಮನೆಯಲ್ಲಿ ತಿನ್ನುತ್ತಿದ್ದುದೂ ಅದೇ ಎಣ್ಣೆ. ಗುಳಿ ಬೀಳುತ್ತಿರಲಿಲ್ಲ. ಮಾರನೆಯ ದಿನ ಮತ್ತೆ ಒತ್ತುತ್ತಿದ್ದಳು.

ಹದಿನೈದು ದಿನ ಹೀಗೇ ಕಳೆಯಿತು. ಒಂದು ಬೆಳಗ್ಗೆ ಹಂಗಳದಿಂದ ನೀಲಾವತಿ ಬಂದಳು. ಕೂಲಿ ಮಾಡುವ ಮಂಚಮ್ಮನ ಮಗಳು. ತಾಯಿ ಮಗಳಿಬ್ಬರೂ ವರ್ಷಗಳಿಂದ ಈ ಗಾಣದ ಗಿರಾಕಿಗಳು. ಅವತ್ತು ಅವಳ ಕೈಯಲ್ಲಿ ಬಾಟಲಿ ಇರಲಿಲ್ಲ.

"ಅಮ್ಮೋರೆ, ನಮ್ಮವ್ವನ ಎಲ್ಡು ಕಾಲೂ ಊದ್ಕಂಡದೆ. ಒತ್ತುದ್ರೆ ಗುಳಿ ಬೀಳ್ತದೆ. ಯಾವ ಎಣ್ಣೆ ತಿಂದ್ರಿ ಅಂತ ಜನ ಕೇಳ್ತಾವ್ರೆ."

ಸುಧಾಮಣಿ ಹೋಗಿ ಗಾಣದ ಸ್ವಿಚ್ ಆರಿಸಿದಳು. ಪುಟ್ಟಮಾದು ಅವಳನ್ನು ಹಿಂಡಿ ಕೋಣೆಗೆ ಕರೆದು ಮೆಲ್ಲಗೆ ಹೇಳಿದ:

"ನೀವು ಓಗ್ಬ್ಯಾಡಿ ಕಣಮ್ಮೋ. ಓದ್ರೆ ನಾವೇ ಒಪ್ಕಂಡಂಗಾಯ್ತದೆ. ರಿಪೋಲ್ಟು ಬರೋಗಂಟ ಸುಮ್ಕಿದ್ಬುಡಿ."

"ರಿಪೋರ್ಟ್ ಬರೋ ಹೊತ್ಗೆ ಅವಳಿಗೇನಾದ್ರೂ ಆದ್ರೆ?"

ಸುಧಾಮಣಿ ಡಬ್ಬದಿಂದ ಸಣ್ಣ ಬಾಟಲಿಗೆ ಹುಚ್ಚೆಳ್ಳೆಣ್ಣೆ ತುಂಬಿಕೊಂಡು ಬಂದಳು. "ನಡಿ ಕಣಮ್ಮಿ, ಹೋಗನ" ಎಂದು ಊಟಿ ಕಡೆಯ ಬಸ್ಸು ಹತ್ತಿದಳು.

ಹಂಗಳದಲ್ಲಿ ಮಂಚಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಪಾದ ಹೊಳೆಯುವಷ್ಟು ಊದಿತ್ತು. ಸುಧಾಮಣಿ ಅದನ್ನು ಮುಟ್ಟಲು ಹೆದರಿದಳು. ಸುತ್ತ ನಿಂತವರಲ್ಲಿ ಯಾರೋ, "ಎಣ್ಣೆಯೋರೇ ಬಂದವ್ರೆ" ಅಂದರು. ಮಂಚಮ್ಮ ಮಾತ್ರ, "ಯಾಕ್ ಬರಕೋದ್ರಿ ಅಮ್ಮೋರೆ, ಬಿಸ್ಲಲ್ಲಿ" ಎಂದು ಸರಿದು ಜಾಗ ಬಿಟ್ಟಳು. ಆ ಮಾತು ಕೇಳಿ ಸುಧಾಮಣಿಗೆ ಇನ್ನಷ್ಟು ಸಂಕಟವಾಯಿತು.

ಮೂವರೂ ಚಾಮರಾಜನಗರದ ಆಸ್ಪತ್ರೆಗೆ ಹೊರಟರು. ತೆರಕಣಾಂಬಿ ದಾಟುವವರೆಗೂ ಸುಧಾಮಣಿ ಒಂದೇ ಲೆಕ್ಕ ಹಾಕುತ್ತಿದ್ದಳು. ಡಾಕ್ಟರಿಗೆ ಎಣ್ಣೆಯ ವಿಷಯ ಹೇಳಿದರೆ ಪೊಲೀಸರಿಗೆ ಹೋಗುತ್ತದೆ. ಹೇಳದಿದ್ದರೆ ಬೇರೆ ಯಾವುದೋ ರೋಗಕ್ಕೆ ಔಷಧಿ ಕೊಡುತ್ತಾರೆ. ತನ್ನ ಎಣ್ಣೆ ಇನ್ನೆಷ್ಟು ಮನೆಯಲ್ಲಿದೆ ಎಂದು ನೆನೆಸಿಕೊಳ್ಳಲು ಹೋದರೆ ಸಂತೆಯ ಮುಖಗಳೆಲ್ಲ ಒಂದರ ಹಿಂದೊಂದು ಬಂದವು; ಕಿಟಕಿಯಾಚೆ ಮುಖ ತಿರುಗಿಸಿ ಕೂತಳು.

ಡಾಕ್ಟರಮ್ಮ ಕಾಲು ಒತ್ತಿ ನೋಡುವಷ್ಟರಲ್ಲೇ ಸುಧಾಮಣಿ ಬಾಟಲಿಯನ್ನು ಮೇಜಿನ ಮೇಲಿಟ್ಟಳು.

"ಇವರ ಮನೆಗೆ ಎಣ್ಣೆ ಕೊಟ್ಟಿದ್ದು ನಾನು. ಇದೇ ಎಣ್ಣೆ. ಏನಿದೆಯೋ ಇದನ್ನೂ ನೋಡ್ಬುಡಿ."

ಡಾಕ್ಟರಮ್ಮ ಬಾಟಲಿಯನ್ನು ಪಕ್ಕಕ್ಕೆ ಸರಿಸಿ ನೀಲಾವತಿಯನ್ನು ಕೇಳಿದರು. "ನಿನಗೆ ಊದಿದೆಯಾ? ಮನೇಲಿ ಇನ್ಯಾರಿಗಾದ್ರೂ?"

"ಇಲ್ಲ."

"ಎಲ್ಲರೂ ಒಂದೇ ಸಾರು ತಾನೆ ತಿನ್ನೋದು?"

"ಊಂ."

ಡಾಕ್ಟರಮ್ಮ ಮಂಚಮ್ಮನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಅದು ಸುಣ್ಣದಂತೆ ಬಿಳಿಚಿತ್ತು. ರಕ್ತ, ಮಲ ಎರಡರ ಪರೀಕ್ಷೆಗೂ ಬರೆದುಕೊಟ್ಟರು. ಆ ದಿನ ಮೂವರೂ ಅಲ್ಲೇ ಉಳಿದರು. ಮಾರನೆಯ ದಿನ ಫಲಿತಾಂಶ ಬಂತು. ಹೊಟ್ಟೆಯಲ್ಲಿ ಕೊಕ್ಕೆಹುಳ, ಬರಿಗಾಲಲ್ಲಿ ಗದ್ದೆ ಹೊಲ ತುಳಿಯುವವರಿಗೆ ಬರುವಂಥದ್ದು. ಅದು ರಕ್ತವನ್ನೆಲ್ಲ ಹೀರಿತ್ತು. ಕಾಲು ಊದಲು ಅದೇ ಕಾರಣ.

"ಎಣ್ಣೆಯಿಂದ ಆಗಿದ್ದಲ್ಲಮ್ಮ ಇದು" ಅಂದರು ಡಾಕ್ಟರಮ್ಮ. ಸುಧಾಮಣಿ ಅವರಿಂದ ಮಾತ್ರೆಯ ಚೀಟಿ ಇಸಿದುಕೊಂಡು ಔಷಧಿ ತರಲು ಹೊರಟಳು.

ಮಾತ್ರೆ ನುಂಗಿ ಮಂಚಮ್ಮ ಚೇತರಿಸಿಕೊಂಡಳು. ನವೆಂಬರ್‌ನಲ್ಲಿ ಸರ್ಕಾರದ ರಿಪೋರ್ಟೂ ಬಂತು; ಎಣ್ಣೆಯಲ್ಲಿ ಕಲಬೆರಕೆ ಇಲ್ಲ. ಆದರೆ ಹಂಗಳದ ಕೆಲವು ಮನೆಯವರು ಮತ್ತೆ ಗಾಣದ ಕಡೆ ಬರಲಿಲ್ಲ.

ಕಾನೂನು ಮಾತ್ರ ಹೇಳಿದ ತಾರೀಕಿಗೆ ಬಂದೇಬಂತು. ಎಣ್ಣೆ ಚೆನ್ನಾಗಿದ್ದರೂ ಪೊಟ್ಟಣ ಕಟ್ಟುವ ಯಂತ್ರ, ಪರೀಕ್ಷೆಯ ಏರ್ಪಾಡು ಅವಳ ಕೈಗೆ ಎಟಕುವಂತಿರಲಿಲ್ಲ. ಸುಧಾಮಣಿ ಎಣ್ಣೆ ಮಾರುವುದನ್ನು ನಿಲ್ಲಿಸಿ, ರೈತರು ತಂದ ಕಾಳನ್ನೇ ಕೂಲಿಗೆ ಅರೆದುಕೊಡುತ್ತೇನೆಂದು ಬೋರ್ಡ್ ಬರೆಸಿದಳು. ಇದಾದರೂ ತಪ್ಪಾಗುವುದಿಲ್ಲ ತಾನೆ ಎಂದು ಕೇಳಲು ಜಿಲ್ಲಾ ಕಚೇರಿಗೆ ಎರಡು ಸಲ ಹೋಗಿ ಬಂದಳು.

"ಅವರ ಕಾಳು, ಅವರ ಎಣ್ಣೆ. ಮಾರಾಟ ಅಲ್ಲವಲ್ಲ, ಮಾಡ್ಕೊಳ್ಳಿ" ಎಂದು ಗುಮಾಸ್ತರು ಹೇಳಿದರು.

"ಹಂಗಂತ ಒಂದು ಚೀಟಿ ಬರ್ಕೊಡಿ ಸ್ವಾಮಿ."

"ಬರೆದೆಲ್ಲ ಕೊಡಕ್ಕಾಗಲ್ಲಮ್ಮ."

ಬರಹದಲ್ಲಿಲ್ಲದ ಆ ಮಾತನ್ನು ನಂಬಿಕೊಂಡೇ ಗಾಣ ಓಡಿತು. ಪುಟ್ಟಮಾದುವಿಗೆ ವಾರದಲ್ಲಿ ಮೂರೇ ದಿನ ಕೆಲಸ. ಉಳಿದ ದಿನ ಬೇರೆಯವರ ಹೊಲಕ್ಕೆ ಹೋದ. ಅರೆಸಲು ಬಂದವರಿಂದ ಸುಧಾಮಣಿ "ಕಾಳು ನನ್ನದು, ಎಣ್ಣೆ ನನ್ನ ಮನೆಗೆ" ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳುತ್ತಿದ್ದಳು. ಕೆಲವರು ನಗುತ್ತಿದ್ದರು. ಅವಳು ನಗುತ್ತಿರಲಿಲ್ಲ.

ಮಾರ್ಚ್ ತಿಂಗಳ ಒಂದು ಬೆಳಗ್ಗೆ ಜೀಪು ಮತ್ತೆ ಓಣಿಯ ಬಾಯಲ್ಲಿ ನಿಂತಿತು. ಈ ಸಲದ ಅಧಿಕಾರಿ ಬೇರೆಯವರು. ಒಳಗೆ ಬಂದು ಖಾಲಿ ಡಬ್ಬಗಳನ್ನು ತಟ್ಟಿ ನೋಡಿದರು, ಬೋರ್ಡು ಓದಿದರು. ನೋಟ್‌ಬುಕ್ ತೆಗೆಸಿ, ನಿಂತುಕೊಂಡೇ ಕೊನೆಯ ಹಾಳೆಯವರೆಗೂ ತಿರುವಿದರು. ಸುಧಾಮಣಿ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು. ಅವರು ನೋಟ್‌ಬುಕ್ಕನ್ನು ಅವಳ ಕೈಗೆ ಕೊಟ್ಟು, ಸರಿ ಎಂದೂ ಹೇಳದೆ ತಪ್ಪು ಎಂದೂ ಹೇಳದೆ ಜೀಪು ಹತ್ತಿ ಹೋದರು.

"ಏನಂದ್ರಮ್ಮೋ?" ಪುಟ್ಟಮಾದು ಕೇಳಿದ.

"ಏನೂ ಅನ್ನಲಿಲ್ಲ" ಅಂದಳು ಸುಧಾಮಣಿ. ಬೇಗೂರಿನವನೊಬ್ಬ ಎಳ್ಳಿನ ಮೂಟೆ ಇಳಿಸಿ ಕಾಯುತ್ತಿದ್ದ. ಅವನ ಹೆಸರು ಕೇಳಿ ಬರೆದುಕೊಂಡು ಗಾಣದ ಸ್ವಿಚ್ ಹಾಕಿದಳು.