ಅರಮನೆಯೊಳಗಿನ ‘ಹೋಗುವ’

ವಾರಪತ್ರಿಕೆ ಬರುವ ದಿನ ಶಶಿಪ್ರಭಾಳಿಗೆ ಕೂತಲ್ಲಿ ಕೂರಲಾಗುವುದಿಲ್ಲ. ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಪಕ್ಕದ ಗಂಡನ ಹೋಟೆಲಿನಲ್ಲಿ ಕ್ಯಾಶಿಗೆ ಕೂತು, ಗಿರಾಕಿಗಳಿಲ್ಲದಾಗ ಮೊಬೈಲಿನಲ್ಲಿ ಅವಳು ಬರೆಯುವ ಧಾರಾವಾಹಿ ಅದರಲ್ಲಿ ‘ಮೃದುಲಾ, ಮೈಸೂರು’ ಎಂಬ ಹೆಸರಿನಲ್ಲಿ ಅಚ್ಚಾಗುತ್ತದೆ.

ಕತೆ ಹಳೆಗಾಲದ ಅರಮನೆಯೊಂದರದು. ಹುಟ್ಟೂರು ಮುಚ್ಚಿಟ್ಟು ದರ್ಬಾರು ಸೇರಿದ ನರ್ತಕಿ ಈಗ ಪಟ್ಟದ ರಾಣಿಯಾಗಲು ಹೊರಟಿದ್ದಾಳೆ. ಅಡ್ಡ ಇರುವವಳು ಒಬ್ಬಳೇ: ಎಲೆಯಡಿಕೆ ಜಗಿಯುತ್ತ ಎಲ್ಲರ ಮೇಲೂ ಕಣ್ಣಿಡುವ ಮುದಿ ರಾಣಿ. ಅವಳಿಗೆ ವಿಷ ಹಾಕಲು ನರ್ತಕಿ ಹೊಂಚು ಹಾಕಿದ್ದಾಳೆ.

ಊರಿಗೇ ದೊಡ್ಡದಾದ ಗುತ್ತಿನ ಮನೆಯ ಸೊಸೆ ಇಂಥದ್ದೆಲ್ಲ ಬರೆಯುತ್ತಾಳೆಂದು ಗೊತ್ತಾದರೆ ಊರು ಸುಮ್ಮನಿದ್ದೀತೇ? ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಅಂದು ಅತ್ತೆ ಗುಲಾಬಿ ಶೆಡ್ತಿ ಹೋಟೆಲಿಗೇ ಬಂದು, ಕನ್ನಡಕ ಏರಿಸಿ ವಾರಪತ್ರಿಕೆ ಓದತೊಡಗಿದರು. ಶಶಿಪ್ರಭಾ ಒರೆಸಿದ ಮೇಜನ್ನೇ ಮತ್ತೆ ಒರೆಸಿದಳು.

“ಈ ಮೃದುಲಾ ಮೈಸೂರಿನವಳೇ ಅಲ್ಲ,” ಎಂದರು ಅತ್ತೆ. “ನರ್ತಕಿ ಮಹಾರಾಜನಿಗೆ ‘ಉದ್ಯಾನಕ್ಕೆ ಹೋಗುವ’ ಅಂತ ಹೇಳ್ತಾಳೆ. ಮೈಸೂರಿನವರು ‘ಹೋಗೋಣ’ ಅಂತ ಹೇಳುವುದಲ್ವಾ?”

ಶಶಿಪ್ರಭಾ ಮೇಜಿನಿಂದ ತಲೆ ಎತ್ತಲಿಲ್ಲ. “ಪ್ರಿಂಟಿನವರ ತಪ್ಪು ಇರಬೇಕು, ಅತ್ತೆ.”

“ಪ್ರಿಂಟಿನವರಿಗೆ ನಮ್ಮೂರಿನ ಕನ್ನಡ ಬರ್ತದಾ?”

ಅತ್ತೆ ಪತ್ರಿಕೆ ಮಡಚಿಟ್ಟು, ವೀಳ್ಯದೆಲೆಗೆ ಸುಣ್ಣ ಸವರುತ್ತ ಸೊಸೆಯ ಮುಖವನ್ನೇ ನೋಡಿದರು.

“ಇರಲಿ. ಮುಂದಿನ ವಾರ ನನಗೆ ವಿಷ ಹಾಕುವುದುಂಟಲ್ಲ, ಅದನ್ನು ಸ್ವಲ್ಪ ನಿಧಾನ ಮಾಡು ಮಾರಾಯ್ತಿ. ಕತೆ ಮುಗಿಯುವವರೆಗೆ ನನಗೂ ಓದಬೇಕು.”